ಎಂಜಿನ್ ಬದಲಿ ಮಾಡಬೇಕೋ ಬ್ಯಾಡೋ

ದೋಣಿ ನಡೆಸುವವನು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಎಂಜಿನ್ ಹಳೆಯದಾಗಿದ್ದರೆ ಸಾಕು, ಅವು ತಾವಾಗಿಯೇ ದೋಣಿ ಹತ್ತಿ ಕೂಡುತ್ತವೆ.

ಭಾಲ್ಕಿ ಕಡೆಯ ಡ್ಯಾಮಿನ ಹಿನ್ನೀರಿನಲ್ಲಿ ನನ್ನದೊಂದು ದೋಣಿ ಇದೆ. ನನ್ನದು ಅಂದರೆ ಅರ್ಧ ನನ್ನದು, ಇನ್ನರ್ಧ ನೆರೆಮನೆಯ ಚಾಚಾನದು. ಈ ದಂಡೆಗೆ ನಮ್ಮೂರು, ಆ ದಂಡೆಗೆ ಭಾಲ್ಕಿಗೆ ಹೋಗುವ ಡಾಂಬರು ರಸ್ತೆ. ನೀರು ಬಳಸಿಕೊಂಡು ಬಸ್ಸಿನಲ್ಲಿ ಹೋದರೆ ಅರ್ಧ ದಿನ ಅಲ್ಲೇ ಕಳೆಯುತ್ತದೆ. ಹಾಗಾಗಿ ಸಂತೆಗೆ ಹೋಗುವವರು, ಕಾಲೇಜಿನವರು, ಬೀಗರ ಊರಿಗೆ ಹೊರಟವರು ಎಲ್ಲರೂ ನಮ್ಮ ದೋಣಿಯನ್ನೇ ನಂಬಿದವರು.

ದೋಣಿಗೆ ಕೂಡಿಸಿದ್ದ ಡೀಸೆಲ್ ಎಂಜಿನ್ ಮಾತ್ರ ಯಾರನ್ನೂ ನಂಬುತ್ತಿರಲಿಲ್ಲ. ಅದು ಚಾಚಾನ ಅಪ್ಪ ಬಾವಿಯ ನೀರೆತ್ತಲು ತಂದದ್ದು. ಡ್ಯಾಮ್ ಬಂದು ಹೊಲ, ಬಾವಿ ಎರಡೂ ಮುಳುಗಿದಾಗ ಎಂಜಿನ್ ಒಂದೇ ಮೇಲೆ ಉಳಿಯಿತು. ಚಾಚಾ ಅದನ್ನು ದೋಣಿಗೆ ಕೂಡಿಸಿದರು. ತಾನು ಬರಿದು ಮಾಡುತ್ತಿದ್ದ ಬಾವಿಯ ಮೇಲೆಯೇ ಅದು ಈಗ ದಿನವೂ ಹಾದು ಹೋಗುತ್ತಿತ್ತು. ಆ ಜಾಗ ಬಂದಾಗ ಚಾಚಾ ಬಗ್ಗಿ ನೀರು ನೋಡುತ್ತಿದ್ದರು. ಅದಕ್ಕೇ ಅದನ್ನು ಬದಲಿಸೋಣ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಉಳಿದವರಿಗೆಲ್ಲ ಬರುತ್ತಿತ್ತು.

ಬೆನ್ನು ತಿರುಗಿಸಿ ಕೂಡುವುದು

ಒಂದು ಸಂತೆಯ ದಿನ ದೋಣಿ ತುಂಬಿತ್ತು. ಒಬ್ಬ ಕುರುಬ ದೊಡ್ಡ ಟಗರು ಹತ್ತಿಸಿಕೊಂಡು ಬಂದಿದ್ದ. ಭಾಲ್ಕಿ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟರೊಬ್ಬರು ಆ ಟಗರಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ಕೂತಿದ್ದರು. ನಟ್ಟ ನಡುವೆ ಎಂಜಿನ್ ನಿಂತಿತು.

ನಾನು ಹ್ಯಾಂಡಲ್ ಹಾಕಿ ತಿರುವಿದೆ. ಚಾಚಾ ತಿರುವಿದರು. ಮೇಷ್ಟರು ಡೀಸೆಲ್‌ನಲ್ಲಿ ನೀರು ಸೇರಿರಬೇಕು ಅಂದರು. ಒಬ್ಬ ಹೆಣ್ಣುಮಗಳು ಯಾರದೋ ದೃಷ್ಟಿ ತಾಗಿರಬೇಕು ಅಂದಳು. ಎಲ್ಲರೂ ಎಂಜಿನ್ ಸುತ್ತ ಬಗ್ಗಿ, ಕೂಸಿನ ಮುಖ ನೋಡಿದ ಹಾಗೆ ನೋಡುತ್ತಿದ್ದರು. ಕುರುಬ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ನೀವು ಹಿಂಗ ಮುತ್ತಿದ್ರ ಅದು ಏಳಂಗಿಲ್ಲರಿ" ಅಂದ. "ಹಠ ಹಿಡದ ಟಗರೂ ಹಿಂಗೇ ಮಾಡ್ತದ. ಮಂದಿ ನೋಡಿದಷ್ಟು ಕಾಲು ಊರತದ. ಎಲ್ಲರೂ ಆ ಕಡಿ ತಿರುಗಿ ಕೂಡ್ರಿ. ತಾನೇ ಏಳ್ತದ."

ಬೇರೆ ಉಪಾಯ ಇರಲಿಲ್ಲ. ಒಬ್ಬೊಬ್ಬರೇ ಬೆನ್ನು ತಿರುಗಿಸಿ ಕೂತರು. ಮೇಷ್ಟರು ಸ್ವಲ್ಪ ಹೊತ್ತು ಹಾಗೇ ಇದ್ದರು. ಎಲ್ಲರೂ ತಮ್ಮನ್ನೇ ಕಾಯುತ್ತಿದ್ದಾರೆ ಎಂದು ತಿಳಿದ ಮೇಲೆ ಅವರೂ ತಿರುಗಿದರು. "ನಾ ಸುಮ್ಮನ ಆ ಕಡಿ ಪಕ್ಷಿ ನೋಡ್ಲತ್ತೇನಿ" ಅಂದರು.

ಇಷ್ಟೆಲ್ಲ ಆಗುವಷ್ಟರಲ್ಲಿ ಎಂಜಿನ್ನಿನ ಬಿಸಿ ಆರಿತ್ತೇನೋ. ಚಾಚಾ ಮುಖ ಆ ಕಡೆ ಮಾಡಿಕೊಂಡೇ ಹ್ಯಾಂಡಲ್ ತಿರುವಿದರು. ಡಬ್ ಡಬ್ ಎಂದು ಎದ್ದಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಎಂಜಿನ್ ನಿಂತರೆ ಯಾರೂ ಗಾಬರಿಯಾಗುತ್ತಿರಲಿಲ್ಲ, ಸುಮ್ಮನೆ ಬೆನ್ನು ತಿರುಗಿಸುತ್ತಿದ್ದರು. ಹೊಸಬರು ಯಾರಾದರೂ ಎಂಜಿನ್ ಕಡೆ ನೋಡುತ್ತ ಕೂತರೆ ಅವರಿಗೆ ಗದರಿ ಹೇಳುವ ಕೆಲಸ ಮೇಷ್ಟರೇ ವಹಿಸಿಕೊಂಡಿದ್ದರು. ಅವರು ಕಾಲೇಜಿನಲ್ಲಿ ಕಲಿಸುವುದು ಭೌತಶಾಸ್ತ್ರ.

ಬೀದರ್ ಮಿಸ್ತ್ರಿ ಹೇಳಿದ ರೋಗ

ಬೀದರ್‌ನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುವ ಹಳೆಯ ಮಿಸ್ತ್ರಿ ಒಬ್ಬರಿದ್ದಾರೆ. ಎಂಜಿನ್ ಬಿಚ್ಚಿ ಅಲ್ಲಿಗೆ ಒಯ್ಯಬೇಕೆಂದರೆ ನಾಲ್ಕು ಆಳು ಬೇಕು. ನಾನು ಫೋನ್ ಮಾಡಿ ವಿಷಯ ತಿಳಿಸಿದೆ.

"ಇಲ್ಲಿ ತನಕ ತರೂದು ಬ್ಯಾಡರಿ" ಅಂದರು ಮಿಸ್ತ್ರಿ. "ಅದರ ಆವಾಜ್ ಫೋನಿನಾಗ ತುಂಬಿ ವಾಟ್ಸಾಪಿಗಿ ಹಾಕ್ರಿ. ಕೇಳಿ ಹೇಳ್ತೇನಿ."

ಚಾಚಾ ಅದೇ ದಿನ ದೋಣಿಯಲ್ಲಿ ಕೂತು ಎಂಜಿನ್ ಸದ್ದು ತುಂಬಿಸಿಕೊಂಡರು. ಮರುದಿನ ಬೆಳಿಗ್ಗೆ ಮನೆಯಿಂದ ಕಳಿಸಿದರು. ಸ್ವಲ್ಪ ಹೊತ್ತಿಗೆ ಮಿಸ್ತ್ರಿಯ ಫೋನ್ ಬಂತು. ನಾನು, ಚಾಚಾ, ಚಾಚಿ ಮೂವರೂ ಅಂಗಳದಲ್ಲಿ ಚಾ ಕುಡಿಯುತ್ತಿದ್ದೆವು. ಚಾಚಾ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದರು.

"ಪೂರಾ ಕೇಳೇನಿ" ಅಂದರು ಮಿಸ್ತ್ರಿ, ದೊಡ್ಡ ಡಾಕ್ಟರ ಗಂಭೀರ ದನಿಯಲ್ಲಿ. "ಹವಾ ಎಳಕೊಳ್ಳೂದ್ರಾಗ ಭಾಳ ತ್ರಾಸ ಅದ. ನಡುನಡುವ ಪೂರಾ ಬಂದ್ ಬೀಳ್ತದ, ಆಮ್ಯಾಲ ಒಮ್ಮಿಗೇ ಜಗ್ಗಿ ಎಳೀತದ. ಕೊನಿಗಿ ಸೀಟಿ ಹೊಡೀತದ. ಅಂದ್ರ ಎಲ್ಲೋ ಸೋರ್ಲತ್ತದ."

"ಮತ್ತ ಏನು ಮಾಡೂಣ್ರಿ?" ಅಂದೆ ನಾನು.

"ರಿಪೇರಿ ಆಗೂ ಮಾಲ ಅಲ್ಲರಿ ಇದು. ಇಷ್ಟು ದಿನ ಓಡಿದ್ದೇ ದೊಡ್ಡದು. ಬದಲಿ ಮಾಡಿಬಿಡ್ರಿ."

ಚಾಚಾನ ಮುಖ ಇಳಿದು ಹೋಯಿತು. ಕೈಯಲ್ಲಿದ್ದ ಚಾ ಹಾಗೇ ಉಳಿಯಿತು. ನಾನು ಚಾಚಾನ ಫೋನ್ ತೆಗೆದುಕೊಂಡೆ. ಮಿಸ್ತ್ರಿಗೆ ಕಳಿಸಿದ ಆವಾಜನ್ನು ನಾನೂ ಒಮ್ಮೆ ಕೇಳೋಣವೆಂದು ಒತ್ತಿದೆ.

ಡಬ್ ಡಬ್ ಬರಲಿಲ್ಲ. ಗೊರ್ ಎಂದು ಶುರುವಾಗಿ, ನಡುವೆ ನಿಂತು, ಒಮ್ಮೆಲೇ ಜಗ್ಗಿ ಎಳೆದು, ಕೊನೆಗೆ ಸಿಳ್ಳೆ ಹೊಡೆಯಿತು. ಚಾಚಿ ಸೆರಗು ಬಾಯಿಗೆ ಒತ್ತಿಕೊಂಡರು. ತಾವು ಗೊರಕೆ ಹೊಡೆಯುವುದೇ ಇಲ್ಲ ಎಂದು ಚಾಚಾ ವಾದ ಮಾಡುತ್ತಿದ್ದರಂತೆ. ಸಾಕ್ಷಿ ಇರಲಿ ಅಂತ ಚಾಚಿ ಹಿಂದಿನ ರಾತ್ರಿ ಅದೇ ಫೋನಿನಲ್ಲಿ ತುಂಬಿಸಿಟ್ಟಿದ್ದರು. ಚಾಚಾ ಬೆಳಿಗ್ಗೆ ಕನ್ನಡಕ ಇಲ್ಲದೆ ಅದನ್ನೇ ಕಳಿಸಿದ್ದರು.

"ಮಿಸ್ತ್ರಿ ಭಾಳ ಹುಷಾರ್ ಅದಾರ" ಅಂದರು ಚಾಚಿ, ನಗು ತಡೆದುಕೊಂಡು. "ಹೇಳಿದ್ದೆಲ್ಲಾ ಖರೇ ಅದ. ಆದ್ರ ಬದಲಿ ಮಾಡ್ಲಿಕ್ಕ ನನ್ನ ಕಡಿ ಅಂಗಡಿ ರಸೀದಿ ಇಲ್ಲ."

ಗಾಳಿ ತಂದ ಬೀಗತಿ

ಎಂಜಿನ್ನಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಇನ್ನೂ ಕೆಲವು ಕಾಲ ನಡೆದೀತು ಎಂಬ ಯೋಚನೆ ಚಾಚಾಗೆ ಬಂದದ್ದು ಆಷಾಢದ ಗಾಳಿಯಲ್ಲಿ. ಭಾಲ್ಕಿಯ ಶಾಮಿಯಾನದ ಅಂಗಡಿಯಿಂದ ಹಳೆಯ ಬಟ್ಟೆ ತಂದು, ಬಿದಿರಿನ ಗಳಕ್ಕೆ ಕಟ್ಟಿ ಹಾಯಿ ಮಾಡಿದರು. ಕೆಂಪು ಹಳದಿ ಪಟ್ಟಿಯ ಬಟ್ಟೆ, ನಡುವೆ ದೊಡ್ಡ ಅಕ್ಷರದಲ್ಲಿ 'ಸುಸ್ವಾಗತ'.

"ಗಾಳಿ ಪುಕಟ ಅದ ಬೇಟಾ" ಅಂದರು. "ಅದು ದೂಡ್ತದ, ನಾವು ಕೂಡೂಣು."

ಗಾಳಿ ದೂಡಿತು. ಎಲ್ಲಿಗೆ ಎಂದು ಮಾತ್ರ ನಮ್ಮನ್ನು ಕೇಳಲಿಲ್ಲ. ಮೊದಲ ಸಲ ಹಾಯಿ ಕಟ್ಟಿದ ದಿನ ದೋಣಿಯಲ್ಲಿ ನಮ್ಮೂರ ಒಬ್ಬ ಮುದುಕಿ ಆಯಿ ಇದ್ದರು. ಭಾಲ್ಕಿಯ ಸಣ್ಣ ಮಗಳ ಮನೆಗೆ ಹೊರಟವರು. ಅರ್ಧ ದಾರಿಯಲ್ಲಿ ಗಾಳಿ ತಿರುಗಿತು. ನಾವು ಬಟ್ಟೆ ಜಗ್ಗಿದೆವು, ಬಿಟ್ಟೆವು, ಹುಟ್ಟು ಹಾಕಿದೆವು. ದೋಣಿ ಪೂರ್ವದ ಮೂಲೆಯ ಹಳ್ಳಿಯ ಕಡೆಗೇ ನೆಟ್ಟಗೆ ನಡೆಯಿತು.

ಆ ಹಳ್ಳಿ ಕಂಡ ಕೂಡಲೇ ಆಯಿ ಸೆರಗು ಮುಖದ ಮೇಲೆ ಎಳೆದುಕೊಂಡರು. "ಇಲ್ಲಿಗಿ ಯಾಕ ಹೊಡದ್ರಿ? ಇದು ನನ್ನ ದೊಡ್ಡ ಮಗಳ ಅತ್ತಿ ಊರು. ಆ ಬೀಗತಿ ನನ್ನ ಕೂಡ ಮಾತಾಡಂಗಿಲ್ಲ, ನಾ ಆಕಿ ಕೂಡ ಮಾತಾಡಂಗಿಲ್ಲ."

ಕಾರಣ ಇಡೀ ಊರಿಗೆ ಗೊತ್ತಿತ್ತು. ಮಗಳ ಮದುವೆಯ ಊಟದಲ್ಲಿ ಆ ಬೀಗತಿ ಎಲ್ಲರ ಹೋಳಿಗೆಗೂ ತುಪ್ಪ ಬಡಿಸಿ, ಈ ಆಯಿಯ ಹೋಳಿಗೆಯನ್ನು ಮಾತ್ರ ಹಾಗೇ ಬಿಟ್ಟು ಮುಂದೆ ಹೋಗಿದ್ದರು. ಆ ಸಿಟ್ಟಿಗೆ, ಮೊಮ್ಮಕ್ಕಳು ಹುಟ್ಟಿದರೂ ಇವರು ಆ ಹೊಸ್ತಿಲು ತುಳಿದಿರಲಿಲ್ಲ.

ಬಣ್ಣದ ಹಾಯಿ ನೋಡಿ ಯಾವುದೋ ದಿಬ್ಬಣ ಬಂತೆಂದು ಅರ್ಧ ಹಳ್ಳಿ ದಂಡೆಗೆ ಬಂದು ನಿಂತಿತ್ತು. ಆ ಗುಂಪಿನಲ್ಲಿ ಬೀಗತಿಯೂ ಇದ್ದರು. ದೋಣಿ ಹೋಗಿ ಅವರ ಮುಂದೆಯೇ ಕೆಸರಿಗೆ ಕಚ್ಚಿತು. ಇಬ್ಬರೂ ಮುದುಕಿಯರು ಎದುರಾ ಎದುರು. ಕೊನೆಗೆ ಆಯಿ ನೀರಿನ ಕಡೆ ನೋಡುತ್ತ, ಯಾರಿಗೋ ಹೇಳಿದ ಹಾಗೆ ಹೇಳಿದರು.

"ನಾ ಬಂದಿಲ್ಲ. ಗಾಳಿ ತಂದದ."

ಬೀಗತಿ ಹಾಯಿಯ ಮೇಲಿನ ಅಕ್ಷರ ಒಮ್ಮೆ ಓದಿದರು. "ಬರೂದು ಬಂದು, ಸುಸ್ವಾಗತದ ಬೋರ್ಡೂ ತಾವೇ ತಂದಾರ" ಅಂದರು. ಕೈ ಹಿಡಿದು ಇಳಿಸಿಕೊಂಡರು.

ಅವತ್ತು ನಮಗೂ ಅಲ್ಲೇ ಊಟ. ಆಯಿಯ ತಾಟಿನಲ್ಲಿ ಹೋಳಿಗೆ ತುಪ್ಪದಲ್ಲಿ ತೇಲುತ್ತಿತ್ತು. ಸಾಕು ಅಂದರೂ ಬೀಗತಿ ಸುರಿಯುವುದನ್ನು ನಿಲ್ಲಿಸಲಿಲ್ಲ. ಚಾಚಾ ನನ್ನ ಕಿವಿಯಲ್ಲಿ ಅಂದರು, "ಬೇಟಾ, ಇಷ್ಟು ಎಣ್ಣಿ ನಾವು ಎಂಜಿನ್ನಿಗಿ ಹಾಕಿದ್ರ ಅದು ನಿಲ್ತಿದ್ದಿಲ್ಲ."

ಎಕಂಬಾದಲ್ಲಿ ಎಂಜಿನ್ ನೋಡಲು ಹೋದದ್ದು

ಔರಾದ್ ಕಡೆ ಎಕಂಬಾದಲ್ಲಿ ಒಬ್ಬ ರೈತರ ಮನೆಯಲ್ಲಿ ಒಳ್ಳೆಯ ಹಳೆಯ ಎಂಜಿನ್ ಇದೆ, ಹೊಲಕ್ಕೆ ಕರೆಂಟಿನ ಮೋಟಾರು ಬಂದ ಮೇಲೆ ಅದು ಸುಮ್ಮನೆ ಕೂತಿದೆ ಎಂದು ಸುದ್ದಿ ಬಂತು. ನೋಡಿಕೊಂಡು ಬರಲು ನಾವಿಬ್ಬರೂ ಬಸ್ ಹತ್ತಿದೆವು. ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅತ್ತರ್ ಹಚ್ಚಿಕೊಂಡಿದ್ದರು.

ಎಂಜಿನ್ ಕೊಟ್ಟಿಗೆಯ ನೆರಳಿನಲ್ಲಿ ಹಾಸಿದ ಗೋಣಿಯ ಮೇಲಿತ್ತು. ಮೇಲೆ ಹಳೆಯ ಧೋತರ ಹೊದಿಸಿದ್ದರು. ವಯಸ್ಸಾದ ಆ ರೈತರು ಧೋತರ ಸರಿಸಿ ತೋರಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವರ ಮನೆಯವರು ಒಳಗಿನಿಂದ "ಬಸಾ, ಬಸಾ" ಎಂದು ಮರಾಠಿಯಲ್ಲಿ ಕೂಡಲು ಹೇಳಿ, ಚಾಪೆ ಹಾಸಿ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಂದಿಟ್ಟರು. ಊಟದ ಜೊತೆ ರೈತರ ವಿಚಾರಣೆ ಶುರುವಾಯಿತು.

"ನಿಮ್ಮಲ್ಲಿ ಇದನ್ನ ಎಲ್ಲಿ ಇಡ್ತೀರಿ?"

"ದೋಣ್ಯಾಗರಿ" ಅಂದೆ.

"ಮ್ಯಾಲ ನೆರಳು ಅದ ಏನು?"

"ಇಲ್ಲರಿ."

ಅವರು ತಲೆ ಆಡಿಸಿದರು. "ಮಳಿಗಾಲದಾಗ?"

"ಪ್ಲಾಸ್ಟಿಕ್ ಹೊದಿಸ್ತೇವರಿ."

"ದಿನಾ ಯಾರು ಒರಸ್ತಾರ?"

ಚಾಚಾ ಎದೆಯ ಮೇಲೆ ಕೈ ಇಟ್ಟು "ನಾನೇ ಒರಸ್ತೇನಿ" ಅಂದರು. ರೈತರಿಗೆ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು. ಇನ್ನೊಂದು ರೊಟ್ಟಿ ಹಾಕಿಸಿದರು. ಆಮೇಲೆ ಕೇಳಿದರು, "ಹಂಗಾದ್ರ ಮೊದಲಿಂದು ಏನಾತು?"

"ಅದು ಅದರಿ. ಮುದಿ ಆಗ್ಯಾದ, ಅದಕ್ಕ ಬಿಡೂಣು ಅಂತ" ಎಂದು ನಾನು ಬಾಯಿ ತಪ್ಪಿ ಹೇಳಿಬಿಟ್ಟೆ.

ರೈತರು ಎದ್ದು ಹೋಗಿ ಎಂಜಿನ್ನಿಗೆ ಮತ್ತೆ ಧೋತರ ಹೊದಿಸಿದರು. "ಮುದಿ ಆತು ಅಂತ ಬಿಡೂ ಮಂದಿಗಿ ನಾ ಕೊಡಂಗಿಲ್ಲರಿ" ಅಂದರು. ಸಿಟ್ಟಿನಿಂದಲ್ಲ, ಬಹಳ ಮರ್ಯಾದೆಯಿಂದ. ಹೊರಡುವಾಗ ಒಂದು ಚೀಲ ತೊಗರಿಬೇಳೆಯನ್ನೂ ಕಟ್ಟಿಕೊಟ್ಟರು.

ವಾಪಸ್ ಬಸ್ಸಿನಲ್ಲಿ ಚಾಚಾ ಬೇಳೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತ ಕೂತರು. ಎಂಜಿನ್ ಸಿಗಲಿಲ್ಲ ಎಂಬ ದುಃಖ ಇರಬಹುದು ಅಂದುಕೊಂಡೆ. ಔರಾದ್ ದಾಟಿದ ಮೇಲೆ ಬಾಯಿ ಬಿಟ್ಟರು.

"ಛಲೋ ಮನಷಾ. ಅವರಿಗಿ ಹೆಣ್ಣುಮಕ್ಕಳು ಅದಾರೋ ಏನೋ ಕೇಳಬೇಕಿತ್ತು. ಅಳಿಯಂದಿರು ಹ್ಯಾಂಗ ಪಾಸಾದ್ರು ಅಂತ ತಿಳೀಬೇಕು ನನಗ."

ದೋಣಿಯ ಲೆಕ್ಕ

ಹತ್ತನೇ ತರಗತಿಯ ಪರೀಕ್ಷೆ ಬಂತು. ನಮ್ಮೂರ ಮಕ್ಕಳಿಗೆ ಭಾಲ್ಕಿಯಲ್ಲಿ ಕೇಂದ್ರ. ಗಣಿತದ ದಿನ ಬೆಳಿಗ್ಗೆ ದೋಣಿಯ ತುಂಬ ಮಕ್ಕಳು. ಚಾಚಾನ ಮೊಮ್ಮಗಳೂ ಅವರ ಜೊತೆ. ಮೂಗಿನ ತುದಿಗೆ ಪುಸ್ತಕ ಹಿಡಿದು ಸೂತ್ರ ಒದರುತ್ತಿದ್ದಳು.

ನಡುನೀರಿನಲ್ಲಿ ಎಂಜಿನ್ ಢಂ ಎಂದು ಒಮ್ಮೆ ಗುಡುಗಿ, ಕರಿ ಹೊಗೆ ಉಗುಳಿ ನಿಂತಿತು. ಮಕ್ಕಳೆಲ್ಲ ರೂಢಿಯಂತೆ ಬೆನ್ನು ತಿರುಗಿಸಿದರು. ಏನೂ ಆಗಲಿಲ್ಲ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಇದ್ದ ಒಂದು ಹುಟ್ಟನ್ನು ನಾನು ಹಾಕುತ್ತಿದ್ದೆ, ತುಂಬಿದ ದೋಣಿ ಜಗ್ಗುತ್ತಿರಲಿಲ್ಲ. ಚಾಚಾ ಮತ್ತೆ ಮತ್ತೆ ಹ್ಯಾಂಡಲ್ ತಿರುವಿದರು. ಅವರು ಆ ಎಂಜಿನ್ನಿನ ಮೇಲೆ ಕೈ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅವತ್ತು ಒಂದು ಹೊಡೆದರು.

ಮೊಮ್ಮಗಳು ಪುಸ್ತಕ ಮುಚ್ಚಿದಳು. ಬರೆಯಲು ಕಾಗದದ ಕೆಳಗಿಡುವ ಪ್ಯಾಡ್ ಹೊರಗೆ ತೆಗೆದಳು. ಅಂಚಿಗೆ ಬಗ್ಗಿ ಅದರಿಂದಲೇ ನೀರು ತಳ್ಳತೊಡಗಿದಳು. ಅವಳನ್ನು ನೋಡಿ ಉಳಿದವರೂ ಪ್ಯಾಡ್ ತೆಗೆದರು. ಎರಡೂ ಬದಿಗೆ ಸಾಲಾಗಿ ಬಗ್ಗಿ, ಒದರುತ್ತಿದ್ದ ಸೂತ್ರವನ್ನೇ ತಾಳಕ್ಕೆ ಹಿಡಿದು ತಳ್ಳಿದರು. ದೋಣಿ ಎಂಜಿನ್ ಓಡುವಾಗಿನದಕ್ಕಿಂತಲೂ ನೆಟ್ಟಗೆ ಹೋಯಿತು. ದಂಡೆ ಮುಟ್ಟಿದ ಕೂಡಲೇ ಎದುರಿಗೆ ಬಂದ ಟಂಟಂ ಗಾಡಿಗೆ ಎಲ್ಲರನ್ನೂ ಹತ್ತಿಸಿದೆವು. ಗಂಟೆ ಹೊಡೆಯುವುದಕ್ಕೂ ಅವರು ಒಳಗೆ ಹೋಗುವುದಕ್ಕೂ ಸರಿಯಾಯಿತಂತೆ.

ಚಾಚಾ ಪರೀಕ್ಷೆ ಮುಗಿಯುವವರೆಗೂ ಕೇಂದ್ರದ ಗೇಟಿನ ಎದುರು ನಿಂತಿದ್ದರು. ಮೊಮ್ಮಗಳು ಒದ್ದೆ ಪ್ಯಾಡ್ ಬೀಸುತ್ತ ಹೊರಗೆ ಬಂದಳು.

"ದಾದಾ, ಪೇಪರಿನಾಗ ದೋಣಿ ಲೆಕ್ಕನೇ ಬಂದಿತ್ತು. ಮೋಟಾರು ದೋಣಿ ಆ ದಂಡಿಗಿ ಹೋಗಿ ಬರ್ಲಿಕ್ಕ ಎಷ್ಟು ಹೊತ್ತು ಹಿಡೀತದ ಅಂತ."

"ಬರದಿಯೇನು ಬೇಟಿ?"

"ಬರದೇನಿ. ಆದ್ರ ಪ್ರಶ್ನಿ ತಗದವರು ನಿಮ್ಮ ಎಂಜಿನ್ ನೋಡಿಲ್ಲ. ನಡುವ ನಿಲ್ತದ ಅಂತ ಎಲ್ಲಿನೂ ಕೊಟ್ಟಿದ್ದಿಲ್ಲ."

ಚಾಚಾ ನಕ್ಕರು. ನಗುತ್ತ ನಗುತ್ತಲೇ ರುಮಾಲಿನಿಂದ ಕಣ್ಣು ಒರೆಸಿಕೊಂಡರು. ಬರುವಾಗ ದಾರಿಯಲ್ಲಿ, ನಾನು ಕೇಳದೇ, ಅವರೇ ಅಂದರು, "ನಾಳಿ ಬೀದರ್‌ಗಿ ಹೋಗೂಣು. ಹೊಸಾದೇ ತರೂಣು."

ಹಳೆಯ ಎಂಜಿನ್ ಬಿಚ್ಚಿದ ದಿನ ಅವರು ಅದಕ್ಕೆ ಗ್ರೀಸ್ ಹಚ್ಚಿ, ದಂಡೆಯ ಬೇವಿನ ಗಿಡದ ಕೆಳಗೆ ಇಟ್ಟರು. ಗುಜರಿಯವನು ಕೇಳಿಕೊಂಡು ಬಂದಿದ್ದ. ಅವನಿಗೆ ಚಾ ಕುಡಿಸಿ ಕಳಿಸಿದರು.

ಕೆಂಪು ಗುಂಡಿ

ಹೊಸ ಎಂಜಿನ್ನಿಗೆ ಹ್ಯಾಂಡಲ್ ಇರಲಿಲ್ಲ. ಒಂದು ಬಟನ್ ಒತ್ತಿದರೆ ಚಾಲೂ. ಕೂಡಿಸಿ ಕೊಟ್ಟ ಮಿಸ್ತ್ರಿ ಬೀದರ್‌ಗೆ ಹೊರಡುವ ಮುನ್ನ ಎಲ್ಲ ತೋರಿಸಿ, "ನಿಲ್ಲಸಬೇಕಂದ್ರ ಎದುರಿಗಿರೂ ಕೆಂಪು ಗುಂಡಿ ಎಳೀರಿ, ಅಷ್ಟೇ" ಎಂದು ಹೇಳಿಯೇ ಹೋಗಿದ್ದರು. ನಾವು ಹೂಂ ಅಂದಿದ್ದೆವು. ನಿಲ್ಲಿಸುವ ವಿದ್ಯೆ ನಮಗೆ ಅಷ್ಟು ದೊಡ್ಡದಾಗಿ ಕಂಡಿರಲಿಲ್ಲ. ಹಳೆಯದು ಯಾವಾಗಲೂ ತಾನಾಗಿಯೇ ನಿಲ್ಲುತ್ತಿತ್ತು.

ಮೊದಲ ಸಲ ಓಡಿಸುವ ದಿನ ಊರೆಲ್ಲ ದಂಡೆಗೆ ಬಂತು. ಹಲಗೆ ಬಡಿಯುವವರು ಬಂದರು. ಊರ ಗೌಡರು ಭಾಷಣಕ್ಕೆ ತಯಾರಾಗಿ ನಿಂತರು. ನನ್ನ ಹೆಂಡತಿ ಎಂಜಿನ್ನಿಗೆ ಕುಂಕುಮ ಹಚ್ಚಿ, ಎದುರಿನ ಬಟನ್ನುಗಳ ಫಲಕಕ್ಕೆ ದಪ್ಪ ಚೆಂಡುಹೂವಿನ ಹಾರ ಹಾಕಿದಳು. ಚಾಚಿ ಅದರ ಮೇಲೆ ದರ್ಗಾಕ್ಕೆ ಹೊದಿಸುವಂಥ ಗುಲಾಬಿ ಹೂವಿನ ಚಾದರ್ ಹೊದಿಸಿದರು. ನಾವು ನಾಲ್ವರೂ ದೋಣಿ ಹತ್ತಿದೆವು. ಒಂದು ಸುತ್ತು ಹಾಕಿ ದಂಡೆಗೆ ಬರುವುದು, ಗೌಡರು ಮಾತಾಡುವುದು, ಪೇಢೆ ಹಂಚುವುದು ಎಂದು ಗೊತ್ತಾಗಿತ್ತು.

ಬಟನ್ ಒತ್ತಿದೆ. ಬಾಣದ ಹಾಗೆ ಹೊರಟಿತು. ದಂಡೆಯಲ್ಲಿ ಚಪ್ಪಾಳೆ. ಸುತ್ತು ಹೊಡೆದು ದಂಡೆಯ ಹತ್ತಿರ ಬಂದೆವು. ಗೌಡರು ಶುರು ಮಾಡಿದರು, "ನಮ್ಮೂರಿನ ಈ ದೋಣಿ..." ಅಷ್ಟರಲ್ಲಿ ನಾವು ದಾಟಿ ಹೋಗಿದ್ದೆವು.

"ನಿಲ್ಲಸು ಬೇಟಾ" ಅಂದರು ಚಾಚಾ.

"ಗುಂಡಿ ಕಾಣವಲ್ದು ಚಾಚಾ."

ಪಕ್ಕದಲ್ಲಿ ಒಂದು ಹಿಡಿ ಕಂಡಿತು. ಅದನ್ನು ಕೆಳಗೆ ಒತ್ತಿದೆ. ಎಂಜಿನ್ ಇನ್ನೂ ಜೋರಾಗಿ ಓಡಿತು. ಆಮೇಲೆ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಆಗಲಿಲ್ಲ. ಮತ್ತೊಂದು ಸುತ್ತಿಗೆ ಹೋದೆವು. ನಾವು ಖುಷಿಗೆ ಸುತ್ತುತ್ತಿದ್ದೇವೆ ಎಂದು ತಿಳಿದು ಹಲಗೆಯವರೂ ಬಡಿತ ಜೋರು ಮಾಡಿದರು. ಗೌಡರು ನಾವು ಎದುರಿಗೆ ಬಂದಾಗಲೆಲ್ಲ ಒಂದು ತುಂಡು ಭಾಷಣ ಹೇಳುತ್ತಿದ್ದರು, ದೂರ ಹೋದಾಗ ನಿಲ್ಲಿಸಿ ಕಾಯುತ್ತಿದ್ದರು. ನನ್ನ ಹೆಂಡತಿ ಪ್ರತಿ ಸಲವೂ ಅವರಿಗೆ ಮರ್ಯಾದೆಯಿಂದ ಕೈ ಮುಗಿಯುತ್ತಿದ್ದಳು.

ಚಾಚಾ ಮಿಸ್ತ್ರಿಗೆ ಫೋನ್ ಹಚ್ಚಿದರು. "ಮಿಸ್ತ್ರಿ, ನಿಲ್ಲವಲ್ದು."

"ಆವಾಜ್ ಕೇಳ್ಲತ್ತೇನಿ. ಎಷ್ಟು ಛಲೋ ಓಡ್ಲತ್ತದ ನೋಡ್ರಿ."

"ಕೆಂಪು ಗುಂಡಿ ಎಲ್ಲದರಿ?"

"ನಿಮ್ಮ ಎದುರಿಗೇ ಅದ. ಕುರುಡಗೂ ಕಾಣ್ತದ."

ನಮ್ಮ ಎದುರಿಗೆ ಕುಂಕುಮ ಕೆಂಪಗಿತ್ತು, ಚೆಂಡುಹೂ ಕೆಂಪಗಿತ್ತು, ಗುಲಾಬಿ ಕೆಂಪಗಿತ್ತು. ಪೂಜೆಯ ಹೂವನ್ನು ಕಿತ್ತು ನೋಡಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಗಾಳಿಗೆ ಹಾರುತ್ತಿದ್ದ ಗುಲಾಬಿ ಚಾದರನ್ನು ಸರಿ ಮಾಡಲು ಚಾಚಿ ಅದರ ಕೆಳಗೆ ಕೈ ಹಾಕಿದರು.

"ಈ ಹೂವಿನ ಹಿಂದ ಏನೋ ಗಟ್ಟಿ ಅದ, ನೋಡ್ರಿ" ಅಂದರು.

"ಎಳೀರಿ" ಅಂದೆವು ಮೂವರೂ.

ಎಳೆದರು. ಎಂಜಿನ್ ತಟ್ಟನೆ ನಿಂತಿತು. ನಾವು ಅಷ್ಟು ಹೊತ್ತಿಗೆ ದಂಡೆಯಿಂದ ಬಹಳ ದೂರದಲ್ಲಿದ್ದೆವು. ನೀರು ಶಾಂತವಾಯಿತು. ನಾನು ಮೆಲ್ಲಗೆ ಕೇಳಿದೆ, "ಮತ್ತ ಚಾಲೂ ಮಾಡ್ಲೇನು?"

ಉಳಿದ ಮೂವರೂ ಒಂದೇ ದನಿಯಲ್ಲಿ ಬ್ಯಾಡ ಅಂದರು. ಚಾಚಾ ಕೆಳಗೆ ಬಗ್ಗಿ ಹುಟ್ಟು ತೆಗೆದು ನನ್ನ ಕೈಗೆ ಕೊಟ್ಟರು. ಹೂ ಹೊತ್ತ ಹೊಸ ಎಂಜಿನ್ನನ್ನು ಕೂಡಿಸಿಕೊಂಡು, ಬೆವರು ಸುರಿಸುತ್ತ ಹುಟ್ಟು ಹಾಕಿ ನಾನು ದೋಣಿಯನ್ನು ದಂಡೆಗೆ ತಂದೆ. ಹಲಗೆಯ ಬಡಿತ ನಿಂತಿತ್ತು. ಊರ ಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಗೌಡರು ಮಾತ್ರ ಸ್ವಲ್ಪವೂ ವಿಚಲಿತರಾಗದೆ, ಗಂಟಲು ಸರಿಮಾಡಿಕೊಂಡು ಭಾಷಣ ಮುಗಿಸಿದರು.

"ಇದೊಂದು ಭಾಳ ಛಲೋ ಪದ್ಧತಿ. ಹೊಸಾ ಎಂಜಿನ್ ಅದ, ಮೊದಲನೇ ದಿನಾನೇ ಯಾಕ ದಣಸಬೇಕು ಅಂತ, ಪಾಪ, ಕೈಯಿಂದನೇ ತಂದಾರ."